ಗುಜರಿ ಬಾನೆಟ್ ಮೇಲೆ ಕಲಿತ ಪಾಲಿಶ್

ಕಾರು ತಗೊಳ್ಳುವಾಗಲೇ ಅಮ್ಮ ಹೇಳಿದ್ದರು, ಕಪ್ಪು ಬೇಡ ಅಂತ. ಶನಿ ಅದು ಇದು ಅಂತ ಅವರ ಕಾರಣ. ನಾನು ಜಾಣತನ ಮಾಡಿ ಕಡುನೀಲಿ ತಗೊಂಡೆ. ಶೋರೂಮಿನ ಬೆಳಕಲ್ಲಿ ನೀಲಿ, ಬನಶಂಕರಿಯ ನಮ್ಮ ಮನೆ ಮುಂದೆ ನಿಲ್ಲಿಸಿದರೆ ಕಪ್ಪೇ. ನಾಲ್ಕು ವರ್ಷ ಆದಮೇಲೆ ಅನ್ನಿಸಿತು, ಅಮ್ಮನ ಮಾತು ಕೇಳಬೇಕಿತ್ತು. ಶನಿಯ ಕಾರಣಕ್ಕಲ್ಲ, ಗೀರುಗಳ ಕಾರಣಕ್ಕೆ.

2025ರ ಜನವರಿ ಕೊನೆ. ಮೈಸೂರಿಂದ ವಾಪಸ್ ಬರುತ್ತಾ ರಾತ್ರಿ ಕೆಂಗೇರಿ ಹತ್ತಿರ ಪೆಟ್ರೋಲ್ ಬಂಕಲ್ಲಿ ನಿಲ್ಲಿಸಿದ್ದೆ. ತಲೆ ಮೇಲೆ ಬಿಳಿ ಎಲ್‌ಇಡಿ ದೀಪಗಳು. ಬಾನೆಟ್ ಮೇಲೆ ಒಂದೊಂದು ದೀಪದ ಪ್ರತಿಬಿಂಬದ ಸುತ್ತಲೂ ಜೇಡ ಬಲೆ ಹೆಣೆದ ಹಾಗೆ ಸಣ್ಣ ಸಣ್ಣ ಗೀರು. ನಾನು ಪಕ್ಕಕ್ಕೆ ಸರಿದರೆ ಬಲೆಯೂ ಜೊತೆಗೇ ಸರಿಯುತ್ತಿತ್ತು. ಬಂಕಿನ ಹುಡುಗ "ಸಾರ್, ಮೀಟರ್ ಜೀರೋ ನೋಡ್ಕೊಳಿ" ಅಂತ ಎರಡು ಸಲ ಹೇಳಿದ. ನಾನು ಬಾನೆಟ್ ನೋಡ್ತಾ ನಿಂತಿದ್ದೆ.

ಇದಕ್ಕೆ ಸ್ವರ್ಲ್ ಮಾರ್ಕ್ ಅಂತಾರೆ ಅಂತ ಗೊತ್ತಿತ್ತು. ಹೆಸರು ಕೇಳಿ ಯಾರೋ ಬಟ್ಟೆಯನ್ನು ಗುಂಡಗೆ ಉಜ್ಜಿದ್ದರಿಂದ ಆದ ಗೀರು ಅಂದುಕೊಂಡಿದ್ದೆ. ಹಾಗಲ್ಲ. ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ. ಬೆಳಕಿಗೆ ಅಡ್ಡಡ್ಡ ಬಿದ್ದವು ಮಾತ್ರ ಹೊಳೆದು ಕಣ್ಣಿಗೆ ಕಾಣುತ್ತವೆ, ಮಿಕ್ಕವು ಅಡಗಿರುತ್ತವೆ. ಅದಕ್ಕೇ ದೀಪದ ಸುತ್ತ ಬಳೆಯ ಹಾಗೆ ಕಾಣುವುದು. ಮೋಡ ಮುಚ್ಚಿದ ದಿನ ಅದೇ ಕಾರು ಹೊಸದರ ಹಾಗಿರುತ್ತದೆ.

ಗೀರು ಬಂದಿದ್ದು ಎಲ್ಲಿಂದ ಅಂತ ಹುಡುಕಲು ಜಾಸ್ತಿ ದೂರ ಹೋಗಬೇಕಾಗಿರಲಿಲ್ಲ. ನಮ್ಮ ಬೀದಿಯಲ್ಲಿ ಬೆಳಗ್ಗೆ ಐದೂವರೆಗೆ ಒಬ್ಬ ಹುಡುಗ ಬಂದು ಕಾರು ಒರೆಸುತ್ತಾನೆ. ಅರ್ಧ ಬಕೆಟ್ ನೀರು, ಒಂದು ಬಟ್ಟೆ, ಎಂಟು ಕಾರು. ನಮ್ಮದು ಆರನೆಯದು. ಮೊದಲ ಐದು ಕಾರಿನ ಮಣ್ಣೆಲ್ಲ ಆ ಬಟ್ಟೆಯಲ್ಲೇ ಇರುತ್ತದೆ ಅಲ್ವಾ. ಆದರೆ ಅವನೊಬ್ಬನ ಮೇಲೆ ಹಾಕಿದರೆ ತಪ್ಪಾಗುತ್ತದೆ. 2024ರ ಮಾರ್ಚಲ್ಲಿ ನೀರಿಗೆ ಪರದಾಡಿದಾಗ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ಆ ಬೇಸಿಗೆ ಪೂರ್ತಿ ನಾನೇ ಒಣ ಬಟ್ಟೆಯಲ್ಲಿ ಧೂಳು ಒರೆಸಿದ್ದೆ. ಒಣ ಧೂಳನ್ನು ಒಣ ಬಟ್ಟೆಯಲ್ಲಿ ಉಜ್ಜುವುದೂ ಒಂದೇ, ಮರಳು ಕಾಗದ ಹಿಡಿಯುವುದೂ ಒಂದೇ. ಅದೇ ವರ್ಷ ಆಯುಧಪೂಜೆಗೆ ಮುಂದಿನ ಬಂಪರಿನ ಎರಡೂ ಕಡೆ ಬಾಳೆಕಂದು ಕಟ್ಟಿ, ದೇವಸ್ಥಾನಕ್ಕೆ ಹೋಗಿ, ಅಲ್ಲಿಂದ ಹಾಗೇ ಜಯನಗರಕ್ಕೂ ಒಂದು ಸುತ್ತು ಹೊಡೆದಿದ್ದೆ. ಗಾಳಿಗೆ ಆ ಎಲೆಗಳು ದಾರಿಯುದ್ದಕ್ಕೂ ಬಾನೆಟ್ ಅಂಚಿಗೆ ಪಟಪಟ ಬಡಿದಿದ್ದವು. ಅವುಗಳ ಗುರುತು ಈಗಲೂ ಬೇರೆಯಾಗಿಯೇ ಕಾಣುತ್ತಿತ್ತು.

ಇಷ್ಟು ಹೊತ್ತಿಗೆ ಒಂದು ಸಲ ದುಡ್ಡು ಕಳೆದುಕೊಂಡೂ ಆಗಿತ್ತು. ಹಿಂದಿನ ವರ್ಷ ಸರ್ವಿಸ್‌ಗೆ ಬಿಟ್ಟಿದ್ದ ಕಡೆ 'ರಬ್ಬಿಂಗ್ ಪಾಲಿಶ್ ಹಾಕ್ಲಾ ಸಾರ್' ಅಂದರು, 1,800 ರೂಪಾಯಿ. ಹೂಂ ಅಂದೆ. ಸಂಜೆ ಕಾರು ಕನ್ನಡಿಯ ಹಾಗೆ ಬಂತು. ಮೂರು ಸಲ ತೊಳೆದ ಮೇಲೆ ಹಳೇ ಗೀರೆಲ್ಲ ಎದ್ದು ಬಂದವು. ಜೊತೆಗೆ ಹೊಸ ನೆಂಟರೂ ಬಂದಿದ್ದರು: ಬಿಸಿಲಲ್ಲಿ ನೋಡಿದರೆ ಬಾಗಿಲುಗಳ ಮೇಲೆ ಅಲೆ ಅಲೆಯಾಗಿ ಹೊಳೆಯುವ ಪಟ್ಟೆಗಳು. ಪಾಲಿಶ್‌ನಲ್ಲಿದ್ದ ಎಣ್ಣೆ ಅಂಶ ಗೀರುಗಳನ್ನು ತುಂಬಿ ಮುಚ್ಚಿತ್ತು, ಅಷ್ಟೇ. ಪಟ್ಟೆಗಳು ಜೋರಾಗಿ ತಿರುಗುವ ಮೆಷಿನ್ ಬಿಟ್ಟುಹೋದವು. ಅದಕ್ಕೆ ಹೋಲೋಗ್ರಾಮ್ ಅಂತಾರೆ ಅಂತ ಆಮೇಲೆ ತಿಳಿಯಿತು.

ಈ ಸಲ ಡೀಟೇಲಿಂಗ್ ಅಂಗಡಿಗೆ, ಅಂದರೆ ಕಾರಿನ ಪೇಂಟಿಗೆ ಹೊಳಪು ಕೊಡುವವರ ಹತ್ತಿರ, ಹೋಗಿ ಕೇಳಿದೆ. ಬರೀ ಪಾಲಿಶ್‌ಗೆ 9,500, ಸಿರಾಮಿಕ್ ಕೋಟಿಂಗ್ ಸೇರಿ 28,000. ಆ ದುಡ್ಡಲ್ಲಿ ಮೆಷಿನ್ನೇ ಬರುತ್ತಲ್ಲ ಅನ್ನಿಸಿತು. ಬೆಂಗಳೂರಲ್ಲಿ ಹದಿನೈದು ವರ್ಷ ಕಂಪ್ಯೂಟರ್ ಮುಂದೆ ಕೂತವರಿಗೆಲ್ಲ ಬರುವ ತುರಿಕೆ ಇದು, ಕೈಯಲ್ಲಿ ಏನಾದರೂ ಮಾಡಬೇಕು ಅಂತ. ಮೊದಲೇ ಹೇಳಿಬಿಡುತ್ತೇನೆ, ಉಳಿತಾಯ ಏನೂ ಆಗಲಿಲ್ಲ.

ಶನಿವಾರ ಬೆಳಗ್ಗೆ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಎಸ್‌ಪಿ ರೋಡಿಗೆ ಹೋದೆ. ಮೊದಲ ಅಂಗಡಿಯವರು "ಏನ್ ಬೇಕು ಸಾರ್?" ಅಂದರು. ಕಾರ್ ಪಾಲಿಶ್ ಮಾಡೋ ಮೆಷಿನ್ ಅಂದೆ. ಕೌಂಟರ್ ಮೇಲೆ ಧಡ್ ಅಂತ ಒಂದು ಆಂಗಲ್ ಗ್ರೈಂಡರ್ ಇಟ್ಟರು. "ಇದೇ ಸಾರ್. ಸ್ಪಾಂಜ್ ಹಾಕ್ಕೊಳಿ, ಮುಗೀತು. ಕಬ್ಬಿಣಾನೂ ಕಟ್ ಮಾಡ್ಬೋದು." ಕಬ್ಬಿಣ ಕಟ್ ಮಾಡುವ ಮೆಷಿನ್ ನನ್ನ ಬಾನೆಟ್ ಮೇಲೆ ಏನು ಮಾಡಬಹುದು ಅಂತ ಯೋಚಿಸಿಯೇ ಭಯವಾಯಿತು. ತಗಡಿನ ಚೀಟಿ ಓದಿದೆ: ನಿಮಿಷಕ್ಕೆ 11,000 ಸುತ್ತು. ಪಾಲಿಶ್‌ಗೆ ಬೇಕಾಗುವುದು ಸಾವಿರದಿಂದ ಎರಡು ಸಾವಿರದ ಆಸುಪಾಸು.

ಎರಡನೇ ಅಂಗಡಿಯಲ್ಲಿ ಡ್ರಿಲ್ ಮೆಷಿನ್‌ಗೆ ಸಿಕ್ಕಿಸುವ ಸ್ಪಾಂಜ್ ತೋರಿಸಿದರು, 250 ರೂಪಾಯಿ. ಡ್ರಿಲ್ ಇರುವುದು ನೇರಕ್ಕೆ ತೂತು ಕೊರೆಯಲು. ಅಡ್ಡಡ್ಡ ಒತ್ತಿ ಒಂದು ಇಡೀ ಬಾಗಿಲು ಉಜ್ಜಿದರೆ ಕೈಯೂ ಸೋಲುತ್ತದೆ, ಡ್ರಿಲ್ ಕೂಡ ಸೋಲುತ್ತದೆ. ಮೂರನೆಯದರಲ್ಲಿ ನಾನು ನಿಜಕ್ಕೂ ಮೋಸ ಹೋಗಲಿದ್ದೆ. ಅಂಗೈಯಲ್ಲಿ ಹಿಡಿಯುವ ಪುಟ್ಟ ಮೆಷಿನ್, ದುಂಡನೆ ತಟ್ಟೆ, ಅದರ ಮೇಲೆ ವೆಲ್ಕ್ರೋ. 'ರ್‍ಯಾಂಡಮ್ ಆರ್ಬಿಟ್' ಅಂತಲೂ ಬರೆದಿತ್ತು. ಬೆಲೆ ನಾಲ್ಕು ಸಾವಿರದೊಳಗೆ. ಹಿಂದೆ ಧೂಳಿನ ಚೀಲ ನೇತಾಡುವುದು ನೋಡಿ ಅನುಮಾನ ಬಂತು. ಅದು ಮರಗೆಲಸದವರ ಸ್ಯಾಂಡರ್. ಅದೂ ಪಾಲಿಶರಿನ ಹಾಗೇ ಅಲುಗಾಡುತ್ತದೆ, ಆದರೆ ಎರಡು ಮೂರು ಮಿ.ಮೀ. ಮಾತ್ರ. ಮರ ನುಣುಪು ಮಾಡಲು ಅಷ್ಟು ಸಾಕು. ಪಾಲಿಶ್ ಪ್ಯಾಡ್ ಹಾಕಿದರೆ ಸುಮ್ನೆ ಜುಮ್ ಅನ್ನುತ್ತಾ ನಿಂತಿರುತ್ತದೆ.

ನಾಲ್ಕನೆಯವರು ನಿಜವಾದ ಪಾಲಿಶರ್ ತೋರಿಸಿದರು. ಏಳು ಇಂಚಿನ ರೋಟರಿ, 600ರಿಂದ 3,000 ಸುತ್ತು, 3,200 ರೂಪಾಯಿ. ಗ್ಯಾರೇಜುಗಳಲ್ಲಿ ಕಾಣುವುದು ಇದನ್ನೇ. ಕೈಗೆ ತಗೊಂಡು ನೋಡಿದೆ, ಗಟ್ಟಿಮುಟ್ಟಾಗಿತ್ತು. ತಗೊಳ್ಳಲಿಲ್ಲ. ಆ ಪಟ್ಟೆಗಳು ಇನ್ನೂ ಕಣ್ಣಲ್ಲಿದ್ದವು.

ಅಲ್ಲಿಂದ ಜೆಸಿ ರೋಡ್. ಕಾರಿನ ಸೀಟ್ ಕವರು, ಹಾರನ್ನು, ಮ್ಯಾಟುಗಳ ನಡುವೆ ಪೇಂಟ್ ಸಾಮಾನಿನ ಒಂದು ಅಂಗಡಿ. ಒಳಗೆ ವಯಸ್ಸಾದ ಯಜಮಾನರು. ಅವತ್ತು ಇಡೀ ದಿನದಲ್ಲಿ ನನಗೆ ತಿರುಗಿ ಪ್ರಶ್ನೆ ಕೇಳಿದವರು ಅವರೊಬ್ಬರೇ.

"ಯಾವ ಗಾಡಿ? ಎಷ್ಟು ಗಾಡಿ ಮಾಡ್ತೀರಾ ತಿಂಗಳಿಗೆ?"

"ಒಂದೇ ಸಾರ್. ನಂದೇ. ವರ್ಷಕ್ಕೊಂದು ಸಲ ಅಂದ್ಕೊಳಿ."

"ಹಾಗಾದ್ರೆ ಡಿಎ ತಗೊಳಿ. ರೋಟರಿ ಕೇಳೋಕೇ ಹೋಗ್ಬೇಡಿ."

ಡಿಎ ಅಂದರೆ ಡ್ಯುಯಲ್ ಆಕ್ಷನ್. ರೋಟರಿಯಲ್ಲಿ ಪ್ಯಾಡ್ ಒಂದೇ ಅಚ್ಚಿನ ಮೇಲೆ ತಿರುಗುತ್ತದೆ, ನೆಟ್ಟಗೆ ನಿಂತು ಆಡುವ ಬುಗುರಿಯ ಹಾಗೆ. ಡಿಎಯಲ್ಲಿ ಪ್ಯಾಡ್ ತಿರುಗುತ್ತಲೇ ಇಡೀ ಪ್ಯಾಡೇ ಸಣ್ಣ ಸುತ್ತು ಹಾಕುತ್ತದೆ. ಹಂಚಿನ ಮೇಲೆ ದೋಸೆ ಹಿಟ್ಟು ಹರಡುವಾಗ ಸೌಟು ಹೋಗುವ ದಾರಿ ನೆನಪಿಸಿಕೊಳ್ಳಿ, ಹೆಚ್ಚು ಕಡಿಮೆ ಹಾಗೆ. ಒಂದೇ ಜಾಗದಲ್ಲಿ ಉಜ್ಜಾಟ ನಿಲ್ಲುವುದಿಲ್ಲ, ಬಿಸಿ ಹಂಚಿಹೋಗುತ್ತದೆ, ಪಟ್ಟೆ ಬೀಳುವುದೂ ಅಪರೂಪ. ಇನ್ನೊಂದು ವಿಷಯ ಅವರು ಪ್ಯಾಡಿಗೆ ಬೆರಳು ಒತ್ತಿಯೇ ತೋರಿಸಿದರು. ಮೋಟರು ಪ್ಯಾಡನ್ನು ನೇರವಾಗಿ ತಿರುಗಿಸುವುದಿಲ್ಲ, ಅಲುಗಾಟದಿಂದ ತಾನಾಗಿ ತಿರುಗುತ್ತದೆ. ಜಾಸ್ತಿ ಒತ್ತಿದರೆ ಅಲುಗಾಟ ಇರುತ್ತದೆ, ತಿರುಗುವುದು ನಿಂತುಹೋಗುತ್ತದೆ. "ನೀವು ತಪ್ಪು ಮಾಡಿದ್ರೆ ಅದು ಕೆಲ್ಸ ನಿಲ್ಸತ್ತೆ. ರೋಟರಿ ನಿಲ್ಸಲ್ಲ, ಪೇಂಟ್ ತೆಗೀತಾ ಹೋಗತ್ತೆ."

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಡಿಎಯಲ್ಲೂ ಮತ್ತೆ ಬಗೆ ಬಗೆ. ಪ್ಯಾಡ್ ಹಾಕುವ ಸುತ್ತಿನ ಅಗಲಕ್ಕೆ ಥ್ರೋ ಅಂತಾರೆ. 8 ಮಿ.ಮೀ., 15 ಮಿ.ಮೀ., 21 ಮಿ.ಮೀ. ಇಟಲಿಯ ರೂಪೆಸ್ ಕಂಪನಿಯ ಬಿಗ್‌ಫೂಟ್ ಮೆಷಿನ್‌ಗಳಿಂದ ಈ ದೊಡ್ಡ ಥ್ರೋ ಹೆಸರಾಯಿತು. ಥ್ರೋ ದೊಡ್ಡದಾದಷ್ಟೂ ಒಂದು ಸಲಕ್ಕೆ ಜಾಸ್ತಿ ಜಾಗ ಸಿಗುತ್ತದೆ, ಕೆಲಸ ಬೇಗ. ಗೇರ್ ಹಾಕಿ ಪ್ಯಾಡನ್ನು ಬಲವಂತವಾಗಿ ತಿರುಗಿಸುವ ಡಿಎಗಳೂ ಇವೆ, ಎಷ್ಟು ಒತ್ತಿದರೂ ನಿಲ್ಲದವು. ಅವು ಭಾರ, ನಡುಕ ಜಾಸ್ತಿ, ಬೆಲೆಯೂ ಜಾಸ್ತಿ. ನನ್ನ ಮುಂದೆ ಉಳಿದಿದ್ದು ಎರಡು: 8 ಮಿ.ಮೀ.ದು 7,400 ರೂಪಾಯಿ, 15 ಮಿ.ಮೀ.ದು 13,800. ನೋಡಿ ಬರ್ತೀನಿ ಅಂತ ಹೇಳಿ ಎದ್ದೆ. ಯಜಮಾನರು ಬೇಜಾರು ಮಾಡಿಕೊಳ್ಳಲಿಲ್ಲ. "ಬೋಂಡ ತಗೊಳಲ್ಲ ನೀವು, ಮೆಷಿನ್ನು. ನೋಡ್ಕೊಂಡೇ ಬನ್ನಿ."

ನನಗೆ ಭಯ ಇದ್ದದ್ದು ಮೆಷಿನ್ನಿನದಲ್ಲ, ಕ್ಲಿಯರ್ ಕೋಟಿನದು. ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲದರ ಮೇಲೆ ತಿಳಿನೀರಿನಂಥ ಕ್ಲಿಯರ್ ಕೋಟ್. ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ದಪ್ಪ. ತಲೆಗೂದಲು ಸುಮಾರು 70 ಮೈಕ್ರಾನ್. ಅಂದರೆ ಕೂದಲಿಗಿಂತ ತೆಳು ಪದರದಲ್ಲಿ ನಾವು ಆಟ ಆಡುವುದು. ಎಣ್ಣೆ ಗೀರನ್ನು ತುಂಬಿ ಮುಚ್ಚುತ್ತದೆ ಅಷ್ಟೇ, ನಿಜವಾದ ಪಾಲಿಶ್ ತುಂಬುವುದಿಲ್ಲ, ಗೀರಿನ ಅಕ್ಕಪಕ್ಕವನ್ನು ಅದರ ತಳದ ಮಟ್ಟಕ್ಕೆ ಸವೆಸುತ್ತದೆ. ಹಗುರ ಪಾಲಿಶ್‌ಗೆ ಒಂದೆರಡು ಮೈಕ್ರಾನ್ ಹೋಗುತ್ತದೆ. ಹೋದದ್ದು ವಾಪಸ್ ಬರುವುದಿಲ್ಲ. ಬಿಸಿಲಿನ ಹೊಡೆತ ತಡೆಯುವುದೂ ಇದೇ ಪದರ.

ನಮ್ಮ ಏರಿಯಾದ ಪೇಂಟರ್ ಅಣ್ಣನ ಹತ್ತಿರ ಹೋದೆ. ಟಿಂಕರಿಂಗ್ ಗ್ಯಾರೇಜಲ್ಲಿ ಮೂವತ್ತು ವರ್ಷದಿಂದ ಪೇಂಟಿನ ಸ್ಪ್ರೇ ಗನ್ ಹಿಡಿದವರು. ಬಾನೆಟ್ ಮೇಲೆ ಉಗುರನ್ನು ಅಡ್ಡಕ್ಕೆ ಎಳೆದರು. "ಉಗುರು ಸಿಕ್ಕಾಕೊಂಡ್ರೆ ಪಾಲಿಶಲ್ಲಿ ಹೋಗಲ್ಲ. ಇದು ಸಿಕ್ಕಾಕೊಳ್ತಿಲ್ಲ, ಹೋಗತ್ತೆ." ರೋಟರಿ ಕಲಿಸಿಕೊಡಿ ಅಣ್ಣ ಅಂದೆ. ನಕ್ಕರು. "ಒಂದು ಹಳೇ ಬಾನೆಟ್ ತಗೊಂಬನ್ನಿ. ನಿಮ್ ಗಾಡೀಲಿ ಕಲಿಬೇಡಿ."

ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಕಾರಿನ ಯಾವ ಭಾಗ ಬೇಕಾದರೂ ಸಿಗುತ್ತದೆ. ಒಂದು ಮೂಲೆ ನಜ್ಜುಗುಜ್ಜಾದ ಕಪ್ಪು ಬಾನೆಟ್ 700 ರೂಪಾಯಿಗೆ ಕೊಟ್ಟರು. ಅದನ್ನು ಮನೆಗೆ ತರಲು ಲಗೇಜ್ ಆಟೋಗೆ 600. ಅಮ್ಮ ಗೇಟಲ್ಲೇ ನಿಂತಿದ್ದರು. "ಕಪ್ಪು ಬೇಡ ಅಂದಿದ್ದೆ. ಈಗ ತುಂಡು ತುಂಡಾಗಿ ತರ್ತಿದೀಯಾ?"

ಬಾನೆಟ್ಟನ್ನು ಗ್ಯಾರೇಜಿನ ಎರಡು ಡ್ರಮ್ ಮೇಲೆ ಇಟ್ಟು, ಮಾಸ್ಕಿಂಗ್ ಟೇಪಲ್ಲಿ ಮೂರು ಭಾಗ ಮಾಡಿದೆವು. ಮೊದಲ ಭಾಗ ಪೇಂಟರ್ ಅಣ್ಣ ಮಾಡಿದರು. ಅವರ ಕೈಯಲ್ಲಿ ರೋಟರಿ ಒಂದು ಕ್ಷಣವೂ ನಿಲ್ಲಲಿಲ್ಲ, ಬಾನೆಟ್ ಅಂಚು ಬಂದ ಕೂಡಲೇ ತಾನೇ ಹಗುರಾಗುತ್ತಿತ್ತು. ಐದು ನಿಮಿಷಕ್ಕೆ ಗೀರು ಮಾಯ. ಟಾರ್ಚ್ ಹಾಕಿ ನೋಡಿದೆ, ಪಟ್ಟೆ ಬಲು ಸಣ್ಣಗೆ ಇತ್ತು. ಅದನ್ನೂ ಮೆತ್ತನೆ ಪ್ಯಾಡಲ್ಲಿ ತೆಗೆದರು.

ಆಮೇಲೆ ನನ್ನ ಸರದಿ. ಸಮತಟ್ಟು ಜಾಗದಲ್ಲಿ ಪರವಾಗಿಲ್ಲ ಅನ್ನುವ ಹಾಗೇ ಹೋಯಿತು. ಧೈರ್ಯ ಬಂತು. ಬಾನೆಟ್ ಉದ್ದಕ್ಕೂ ಒಂದು ಏಣು ಇರುತ್ತಲ್ಲ, ಅಲ್ಲಿಗೆ ಬಂದಾಗ ಮೆಷಿನ್ ಸ್ವಲ್ಪ ವಾಲಿತು. ಮೂರು ಸೆಕೆಂಡ್ ಇರಬಹುದು. ಮೊದಲು ವಾಸನೆ ಬಂತು, ಸುಟ್ಟ ಪ್ಲಾಸ್ಟಿಕ್ ಥರ. ಮೆಷಿನ್ ಎತ್ತಿ ನೋಡಿದರೆ ಬಿಳಿ ಪ್ಯಾಡಿನ ಅಂಚಿಗೆ ಕಪ್ಪು ಬಣ್ಣ ಮೆತ್ತಿತ್ತು. ಏಣಿನ ಮೇಲೆ ಹೆಬ್ಬೆರಳಿನಷ್ಟು ಜಾಗ ಮಂಕಾಗಿತ್ತು, ಮಧ್ಯದಲ್ಲಿ ಬೂದು ಪ್ರೈಮರ್ ಕಣ್ಣು ಬಿಟ್ಟಿತ್ತು. ಏಣುಗಳ ಮೇಲೆ ಪೇಂಟ್ ತೆಳುವಾಗಿ ಕೂರುತ್ತದೆ, ಇಡೀ ಪ್ಯಾಡಿನ ಒತ್ತಡವೂ ಅಲ್ಲೇ ಬೀಳುತ್ತದೆ. "ನಾನೂ ಮೊದಲ್ನೇ ವರ್ಷ ಮೂರು ಸುಟ್ಟಿದೀನಿ," ಅಂದರು ಪೇಂಟರ್ ಅಣ್ಣ. ನನ್ನ ಕಾರಿನ ಏಣುಗಳನ್ನು ಮನಸ್ಸಲ್ಲೇ ಎಣಿಸಿದೆ. ರೋಟರಿ ಆಸೆ ಅಲ್ಲಿಗೆ ಮುಗಿಯಿತು.

ಮೂರನೇ ಭಾಗಕ್ಕೆ ಆಫೀಸಿನ ಗೆಳೆಯನ 15 ಮಿ.ಮೀ. ಡಿಎ ತಂದೆ. ಅವನದು ದೊಡ್ಡ ಎಸ್‌ಯುವಿ, ಮೂರು ವರ್ಷದಿಂದ ಇದೇ ಮೆಷಿನ್. ಸಮತಟ್ಟು ಜಾಗದಲ್ಲಿ ಬೆಣ್ಣೆಯ ಹಾಗೆ ಓಡಿತು. ನಾನು ಇಷ್ಟು ಚೆನ್ನಾಗಿ ಮಾಡುತ್ತೀನಾ ಅಂತ ನನಗೇ ಅನ್ನಿಸಿತು. ಅದೇ ಏಣಿನ ಹತ್ತಿರ ಬಂದಾಗ ಪ್ಯಾಡ್ ತಿರುಗುವುದು ನಿಂತಿತು. ಬರೀ ನಡುಕ. ಸುಡಲಿಲ್ಲ, ಆದರೆ ಗೀರೂ ಹೋಗಲಿಲ್ಲ. ಕೋನ ಬದಲಿಸಿದೆ, ಒತ್ತಡ ಬಿಟ್ಟೆ, ಒಂದಿಷ್ಟು ತಿರುಗಿತು, ಮತ್ತೆ ನಿಂತಿತು. ಗೆಳೆಯ ಫೋನಲ್ಲಿ ಹೇಳಿದ: "ಗುರೂ, ದೊಡ್ಡ ಥ್ರೋ ಅಲ್ವಾ, ತಿರುವಲ್ಲಿ ಹಂಗೇ ಮಾಡತ್ತೆ. ನಂದು ದೊಡ್ಡ ಗಾಡಿ, ತಿರುವೇ ಕಮ್ಮಿ."

ಮನೆಗೆ ಬಂದು ಕಾರಿನ ಮುಂದೆ ನಿಂತು ನೋಡಿದೆ. ನಮ್ಮದು ಸಣ್ಣ ಹ್ಯಾಚ್‌ಬ್ಯಾಕ್. ಬಾಗಿಲಲ್ಲಿ ಮೇಲೊಂದು ಗೆರೆ, ಕೆಳಗೊಂದು ಗೆರೆ, ನಡುವೆ ತಗ್ಗು. ಡಿಕ್ಕಿ ಕಡೆಗೆ ಹೋದರೆ ಸಮತಟ್ಟು ಅನ್ನುವುದೇ ಇಲ್ಲ. ಇಂಥ ಕಾರಿಗೆ, ಇಷ್ಟು ಹಗುರ ಗೀರಿಗೆ 15 ಮಿ.ಮೀ. ಯಾಕೆ? ಬೇಗ ಮುಗಿಸಿ ನಾನು ಹೋಗಬೇಕಾದ ಜಾಗವೂ ಯಾವುದೂ ಇರಲಿಲ್ಲ. ಇನ್ನೋವಾ ಥರದ ಗಾಡಿ ಇದ್ದಿದ್ದರೆ, ತಿಂಗಳಿಗೆ ಎರಡು ಕಾರು ಮಾಡುವವನಾಗಿದ್ದರೆ, ಕಣ್ಣು ಮುಚ್ಚಿ ದೊಡ್ಡದನ್ನೇ ತಗೊಳ್ಳುತ್ತಿದ್ದೆ.

ಮುಂದಿನ ಶನಿವಾರ ಮತ್ತೆ ಜೆಸಿ ರೋಡ್. 8 ಮಿ.ಮೀ.ದು ಚಾಲೂ ಮಾಡಿ ನೋಡಬೇಕು ಅಂದೆ. ಯಜಮಾನರು ಪಕ್ಕದ ಗಲ್ಲಿಯಲ್ಲಿದ್ದ ತಮ್ಮ ಹಳೇ ಬಿಳಿ ಓಮ್ನಿ ತೋರಿಸಿದರು. "ಅದರ ಮೇಲೆ ಮಾಡಿ. ನಂಗೂ ಒಂದು ಬಾಗ್ಲು ಪಾಲಿಶ್ ಆಗತ್ತೆ." ಬಿಳಿ ಗಾಡಿಯಲ್ಲಿ ಗೀರು ಕಾಣುವುದಿಲ್ಲ, ಆದರೆ ಕೈಗೆ ಬೇಕಾದ್ದು ತಿಳಿಯಿತು. ತಿರುವಲ್ಲಿ ಪ್ಯಾಡ್ ನಿಧಾನವಾಯಿತೇ ಹೊರತು ನಿಲ್ಲಲಿಲ್ಲ. ಶಬ್ದ ಜಾಸ್ತಿ ಇತ್ತು. ನಡುಕ ಮೊಣಕೈ ತನಕ ಬರಲಿಲ್ಲ.

ಕೊಳ್ಳುವ ಮುಂಚೆ ನಾನು ಕೇಳಿದ ಒಂದೇ ಬುದ್ಧಿವಂತ ಪ್ರಶ್ನೆ ಬಿಡಿಭಾಗದ್ದು. ಪ್ಯಾಡ್ ಅಂಟುವ ಹಿಂಬದಿ ಪ್ಲೇಟಿನ ವೆಲ್ಕ್ರೋ ಬಿಸಿಗೆ ನಡುಮಧ್ಯದಿಂದ ಕರಗುತ್ತಾ ಬರುತ್ತದೆ. ಮೆಷಿನ್ ಹತ್ತು ವರ್ಷ ಬಂದರೂ ಪ್ಲೇಟ್ ಅಷ್ಟು ಬರುವುದಿಲ್ಲ. ಮೋಟರಿನ ಒಳಗಿನ ಕಾರ್ಬನ್ ಬ್ರಷ್ಷೂ ಸವೆಯುತ್ತದೆ. ಎರಡೂ ಅಂಗಡಿಯಲ್ಲೇ ಇದ್ದವು, ಡಬ್ಬದಿಂದ ತೆಗೆದು ತೋರಿಸಿದರು. ಐದು ಇಂಚಿನ ಪ್ಲೇಟ್, ಐದೂವರೆ ಇಂಚಿನ ಪ್ಯಾಡ್. ಪ್ಯಾಡ್ ಸ್ವಲ್ಪ ದೊಡ್ಡದೇ ಇರಬೇಕು, ಇಲ್ಲದಿದ್ದರೆ ಪ್ಲೇಟಿನ ಗಟ್ಟಿ ಅಂಚು ಪೇಂಟಿಗೆ ತಾಗುತ್ತದೆ. ಪ್ಯಾಡಿನ ಬಣ್ಣ ನೋಡಿ ಮೋಸ ಹೋಗಬೇಡಿ. ಒಂದು ಕಂಪನಿಯ ಕೇಸರಿ ಗಡಸು ಅಂದರೆ ಇನ್ನೊಂದರ ಕೇಸರಿ ಮೆತ್ತಗೆ. ಮೆತ್ತನೆಯ ಮೂರು ಫೋಮ್ ಪ್ಯಾಡ್, ನಡುವಿನ ಗಡಸಿನ ಎರಡು, ಕಾಲು ಲೀಟರ್ ಪಾಲಿಶ್, ಪೇಂಟಿಗೆ ಅಂಟಿದ ಕೊಳೆ ಎಳೆದು ತೆಗೆಯುವ ಜೇಡಿಮಣ್ಣಿನಂಥ ಕ್ಲೇ ಬಾರ್, ಒಂದು ಡಜನ್ ಮೈಕ್ರೋಫೈಬರ್ ಬಟ್ಟೆ, ಟೇಪು. ಮೆಷಿನ್ ಸೇರಿ 12,650. ಗುಜರಿ ಬಾನೆಟ್, ಆಟೋ ಸೇರಿಸಿದರೆ ಹದಿನಾಲ್ಕು ಸಾವಿರದ ಹತ್ತಿರ. ಹೆಂಡತಿಗೆ ಮೆಷಿನ್ ಬೆಲೆ ಮಾತ್ರ ಹೇಳಿದ್ದೇನೆ.

ಗೆಳೆಯನ ಹತ್ತಿರ ಪೇಂಟ್ ದಪ್ಪ ಅಳೆಯುವ ಮೀಟರೂ ಇತ್ತು. ನನ್ನ ಕಾರು ಹೆಚ್ಚಿನ ಕಡೆ 105ರಿಂದ 125 ಮೈಕ್ರಾನ್ ತೋರಿಸಿತು, ಎಲ್ಲ ಪದರ ಸೇರಿ. ಹಿಂದಿನ ಎಡ ಬಾಗಿಲು 240. ಎರಡು ವರ್ಷದ ಹಿಂದೆ ಸ್ಕೂಟರ್ ಗುದ್ದಿ ಪೇಂಟ್ ಮಾಡಿಸಿದ್ದು. ಜಾಸ್ತಿ ಇದೆ ಅಂತ ಖುಷಿಪಡುವ ಹಾಗಿಲ್ಲ, ಒಳಗೆ ಪುಟ್ಟಿ ಎಷ್ಟೋ, ಕ್ಲಿಯರ್ ಎಷ್ಟೋ. ಬಂಪರ್ ಪ್ಲಾಸ್ಟಿಕ್, ಅಲ್ಲಿ ಈ ಮೀಟರ್ ಓಡುವುದೇ ಇಲ್ಲ. ಆ ಬಾಗಿಲನ್ನೂ ಬಂಪರನ್ನೂ ಮೆತ್ತನೆ ಪ್ಯಾಡಲ್ಲಿ ಮಾತ್ರ ಮುಟ್ಟುವುದು ಅಂತ ತೀರ್ಮಾನಿಸಿದೆ.

ಮಾರ್ಚ್ ಮೊದಲ ಭಾನುವಾರ, ಬೆಳಗ್ಗೆ ಆರಕ್ಕೆ. ಬಿಸಿಲು ಬಿದ್ದ ತಗಡಿನ ಮೇಲೆ ಪಾಲಿಶ್ ಬೇಗ ಒಣಗುತ್ತದೆ, ಅದಕ್ಕೇ ಅಷ್ಟು ಬೇಗ. ಶಾಂಪೂ ಹಾಕಿ ತೊಳೆದೆ. ಕ್ಲೇ ಬಾರ್ ಎಳೆದೆ. ಮುಟ್ಟಿದರೆ ನುಣ್ಣಗಿದೆ ಅನ್ನಿಸಿದ್ದ ಬಾನೆಟ್ ಮೇಲೆ ಕ್ಲೇ ಮೊದಲು ಸರಸರ ಅನ್ನುತ್ತಿತ್ತು, ಆಮೇಲೆ ಸದ್ದಿಲ್ಲದೆ ಜಾರಿತು. ಮನೆ ಮುಂದಿನ ಹೊಂಗೆ ಮರ, ರಿಂಗ್ ರೋಡಿನ ಧೂಳು, ಎಲ್ಲ ಕ್ಲೇ ಉಂಡೆಗೆ ಕಂದು ಬಣ್ಣವಾಗಿ ಅಂಟಿತ್ತು. ಏಣುಗಳಿಗೆ, ರಬ್ಬರ್ ಪಟ್ಟಿಗಳಿಗೆ ಟೇಪ್ ಹಚ್ಚಿದೆ. ಪ್ಲೇಟಿನ ಅಂಚಿಗೆ ಮಾರ್ಕರಲ್ಲಿ ಒಂದು ಗೆರೆ ಎಳೆದೆ. ಆ ಗೆರೆ ತಿರುಗುವುದು ಕಾಣುತ್ತಿದ್ದರೆ ಪ್ಯಾಡ್ ತಿರುಗುತ್ತಿದೆ ಅಂತ. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಗೆರೆ.

ಬಾನೆಟ್ಟಿನ ಒಂದು ಮೂಲೆಯಲ್ಲಿ ಎರಡು ಅಡಿ ಚೌಕ. ಮೆತ್ತನೆ ಪ್ಯಾಡ್, ಬಟಾಣಿ ಗಾತ್ರದ ನಾಲ್ಕು ಹನಿ. ಮೊದಲು ಕಡಿಮೆ ವೇಗದಲ್ಲಿ ಹರಡಿ, ಆಮೇಲೆ ಮೆಷಿನ್ನಿನ ಆರು ಹಂತದ ವೇಗದಲ್ಲಿ ನಾಲ್ಕೂವರೆಗೆ ಏರಿಸಿ, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ. ಕೈ ಸೆಕೆಂಡಿಗೆ ಒಂದು ಇಂಚಿನಷ್ಟು ಮಾತ್ರ ಸಾಗಬೇಕು. ಹೇಳುವುದು ಸುಲಭ, ಕೈಗೆ ತಾಳ್ಮೆ ಇರುವುದಿಲ್ಲ. ಐದು ಸಲ ಸುತ್ತಿ ಒರೆಸಿ ನೋಡಿದರೆ ಆಹಾ, ಕನ್ನಡಿ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ನೀರು ಬೆರೆಸಿ ಒರೆಸಿದೆ. ಎಣ್ಣೆ ಹೋಯಿತು, ಅರ್ಧ ಗೀರು ವಾಪಸ್ ಬಂತು. ಹಿಂದಿನ ವರ್ಷದ 1,800 ರೂಪಾಯಿ ನೆನಪಾಯಿತು. ನಡುವಿನ ಗಡಸಿನ ಪ್ಯಾಡ್ ಹಾಕಿದೆ, ಪಾಲಿಶ್ ಅದೇ. ಈ ಸಲ ಆಲ್ಕೋಹಾಲ್ ಹಾಕಿದ ಮೇಲೂ ಟಾರ್ಚಿನ ಬೆಳಕಿನ ಸುತ್ತ ಬರೀ ನೀಲಿ. ಒಂದೆರಡು ಆಳದ ಗೀರು ಬಿಟ್ಟರೆ ಏನೂ ಇಲ್ಲ. ಟೇಪ್ ತೆಗೆದಾಗ ಅದರ ಆ ಕಡೆ ಜೇಡರ ಬಲೆ, ಈ ಕಡೆ ರಾತ್ರಿ ಆಕಾಶ. ಐದು ನಿಮಿಷ ಅದನ್ನೇ ನೋಡುತ್ತಾ ಕೂತಿದ್ದೆ. ಪಕ್ಕದ ಮನೆ ಅಂಕಲ್ ಹಾಲು ತರಲು ಹೋಗುವವರು ನಿಂತರು. "ಏನಯ್ಯಾ, ಇಷ್ಟ್ ಬೆಳಗ್ಗೆ ಗಿರಣಿ ಶುರು ಮಾಡಿದೀಯಾ?" ಟಾರ್ಚ್ ಹಾಕಿ ತೋರಿಸಿದೆ. ಅವರಿಗೆ ಏನೂ ಕಾಣಲಿಲ್ಲ. "ಮೊದ್ಲೂ ಚೆನ್ನಾಗೇ ಇತ್ತಲ್ಲ" ಅಂದು ಹೋದರು.

ಹತ್ತು ಗಂಟೆಗೆ ಕರೆಂಟ್ ಹೋಯಿತು, ಹನ್ನೊಂದೂವರೆಗೆ ಬಂತು. ಆ ಹೊತ್ತಿಗೆ ಬಿಸಿಲು ಬಂದಿತ್ತು, ಮಿಕ್ಕಿದ್ದು ಸಂಜೆಗೆ. ಅವತ್ತು ಮುಗಿಯಲಿಲ್ಲ, ಮುಂದಿನ ಭಾನುವಾರ ಬೇಕಾಯಿತು. ಒಂದು ಬಾಗಿಲಲ್ಲಿ ಕೆಲಸ ಆಗುತ್ತಲೇ ಇರಲಿಲ್ಲ, ಧೂಳು ಧೂಳಾಗಿ ಉದುರುತ್ತಿತ್ತು. ಪ್ಯಾಡ್ ಪಾಲಿಶ್ ಕುಡಿದು ಗಟ್ಟಿಯಾಗಿತ್ತು. ಒಂದೊಂದು ಚೌಕಕ್ಕೂ ಬ್ರಷ್ಷಲ್ಲಿ ಉಜ್ಜಿ ಶುಚಿ ಮಾಡಬೇಕಿತ್ತು, ನಾನು ಮರೆತಿದ್ದೆ. ಪ್ಯಾಡ್ ಐದು ಸಾಲದು, ಇನ್ನೂ ಜಾಸ್ತಿ ತಗೊಳ್ಳಬೇಕಿತ್ತು. ಕಂಬಗಳು, ಕನ್ನಡಿಯ ಹಿಂಬದಿ ಥರದ ಸಣ್ಣ ಜಾಗಕ್ಕೆ ಐದೂವರೆ ಇಂಚು ಹೋಗುವುದೇ ಇಲ್ಲ. ಅಲ್ಲೆಲ್ಲ ಪ್ಯಾಡನ್ನು ಕೈಯಲ್ಲೇ ಹಿಡಿದು ಉಜ್ಜಿದೆ. ಭುಜ ಎರಡು ದಿನ ನೋವು.

ಬಾಳೆಕಂದಿನ ಗುರುತಲ್ಲಿ ಮೂರು ಗೆರೆ ಉಳಿದವು, ಉಗುರಿಗೆ ಸಿಕ್ಕುವಂಥವು. ಇನ್ನೊಂದು ಸುತ್ತು ಹೊಡೆಯಲಾ ಅಂತ ಕೈ ತುರಿಸುತ್ತಿತ್ತು. ಏಣಿನ ಪಕ್ಕದಲ್ಲೇ ಇದ್ದವು. ಬಿಟ್ಟೆ. ಮೇಲೆ ವ್ಯಾಕ್ಸ್ ಹಚ್ಚಿ ಮುಗಿಸಿದೆ. ಕಾರು ಒರೆಸುವ ಹುಡುಗನಿಗೆ ಸಂಬಳ ಹಾಗೇ ಇಟ್ಟು, ಗಾಜು ಮತ್ತೆ ಚಕ್ರ ಮಾತ್ರ ಒರೆಸಪ್ಪ ಅಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ಈಗ ವಾರಕ್ಕೊಮ್ಮೆ ಎರಡು ಬಕೆಟ್ ಇಟ್ಟುಕೊಂಡು ನಾನೇ ತೊಳೆಯುತ್ತೇನೆ, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬೋರ್‌ವೆಲ್ ನೀರು. ಗಡಸು ನೀರು ಒಣಗಿದರೆ ಕಲೆ, ಕೂಡಲೇ ಒರೆಸಬೇಕು.

ಪೇಂಟರ್ ಅಣ್ಣ ಒಂದು ದಿನ ಬಂದು ನೋಡಿದರು. ಬಾನೆಟ್ ಮೇಲೆ ಟಾರ್ಚ್ ಆಡಿಸಿ, ತಲೆ ಆಡಿಸಿದರು. ಮೆಷಿನ್ ಕೇಳಿ ತಗೊಂಡು, ಅಭ್ಯಾಸ ಬಲದಿಂದ ಒತ್ತಿದರು. ಪ್ಯಾಡ್ ನಿಂತಿತು. "ಇದಕ್ಕೆ ದಮ್ಮೇ ಇಲ್ವಲ್ಲ ಸಾರ್!" ಅಂತ ವಾಪಸ್ ಕೊಟ್ಟರು. ಗುಜರಿ ಬಾನೆಟ್ ಗ್ಯಾರೇಜಲ್ಲಿ ಜಾಗ ತಿನ್ನುತ್ತಿದೆ, ತಗೊಂಡು ಹೋಗಿ ಅಂದರು.

ಅದನ್ನು ಟೆರೇಸಿಗೆ ಹಾಕಿದೆ. ಏಪ್ರಿಲ್ ಬಿಸಿಲಲ್ಲಿ ಅಮ್ಮ ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಸಂಡಿಗೆ ಇಟ್ಟಿದ್ದರು. ಕಪ್ಪು ತಗಡಲ್ವಾ, ಎರಡು ದಿನಕ್ಕೆ ಗರಿಗರಿ ಒಣಗಿದವು. "ಇನ್ನೊಂದು ಸಿಗತ್ತಾ ನೋಡೋ," ಅಂದರು. "ಕಪ್ಪುದೇ ತಗೊಂಬಾ."